ನಾಲ್ಕನೇ ತಂತಿ, ಆರನೇ ತಂತಿ

ಆರ್.ಟಿ. ನಗರದ ಮೊಯಿನುದ್ದೀನ್ ಕೇಬಲ್ ಕೆಲಸಕ್ಕೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಕೈಯಲ್ಲಿ ಗುದ್ದಲಿ ಹಿಡಿದುಕೊಂಡು. ಟೆಲಿಫೋನ್ ತಂತಿ ಹೂಳಲು ರಸ್ತೆ ಅಗೆಯುತ್ತಿದ್ದ ಗುಂಪಿನಲ್ಲಿ ಅವನೂ ಒಬ್ಬ. ಮಧ್ಯಾಹ್ನ ಉಳಿದವರು ಊಟ ಮಾಡಿ ಮರದ ಕೆಳಗೆ ಮಲಗಿದರೆ ಇವನು ಗುಂಡಿಯಲ್ಲೇ ಕೂತು, ತಂತಿ ಜೋಡಿಸುವ ಮುದುಕನ ಬೆರಳುಗಳನ್ನು ನೋಡುತ್ತಿದ್ದ. ಎರಡು ವರ್ಷದಲ್ಲಿ ಗುದ್ದಲಿ ಹೋಗಿ ಕೈಗೆ ಕಟರ್ ಬಂತು. ಆಮೇಲೆ ಬೀದಿಗೊಂದು ಸೈಬರ್ ಸೆಂಟರ್ ತೆರೆದ ಕಾಲ ಬಂತು, ಆಮೇಲೆ ಆಫೀಸುಗಳ ಕಾಲ. ಈಗ ಹತ್ತು ವರ್ಷದಿಂದ ಮನೆಗಳು. ಸಣ್ಣ ಸೈಟಿನಲ್ಲಿ ನಾಲ್ಕು ಅಂತಸ್ತು ಎತ್ತಿದವರು ವೈ-ಫೈ ಪೆಟ್ಟಿಗೆಯನ್ನು ಕೆಳಗಿಟ್ಟು, ಮೇಲಿನ ಮಹಡಿಗೆ ಸಿಗ್ನಲ್ ಬರುತ್ತಿಲ್ಲವೆಂದು ಗೊಣಗುತ್ತಿದ್ದರು. ಕಾಂಕ್ರೀಟಿನ ಮೂರು ಚಾವಣಿ ದಾಟುವುದು ಆ ಪೆಟ್ಟಿಗೆಯ ಕೈಲಾಗದ ಕೆಲಸ. ಆಗ ಯಾರೋ ಒಬ್ಬರು ಮೊಯಿನುದ್ದೀನನ ನಂಬರ್ ಕೊಡುತ್ತಿದ್ದರು. ಅವನು ಬಂದು ಗೋಡೆ ತಟ್ಟಿ, ಪೈಪು ಹುಡುಕಿ, ಮಹಡಿಯಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆದು ಕೊಟ್ಟು ಹೋಗುತ್ತಿದ್ದ. ಅವನು ಹಾಕಿದ ಕೇಬಲ್ಲಿನ ಬಗ್ಗೆ ಎರಡನೇ ಸಲ ಯಾರೂ ಫೋನ್ ಮಾಡುತ್ತಿರಲಿಲ್ಲ. ಅವನಿಗೆ ಅದರದೇ ಹೆಮ್ಮೆ.

ಆ ಕೇಬಲ್ಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಸಣ್ಣ ತಂತಿಗಳು ಇರುತ್ತವೆ. ಎರಡೆರಡು ಹೊಸೆದುಕೊಂಡು ನಾಲ್ಕು ಜೋಡಿ, ಜೋಡಿಯಲ್ಲಿ ಒಂದು ಪೂರ್ತಿ ಬಣ್ಣದ್ದು, ಇನ್ನೊಂದು ಬಿಳಿಯ ಮೇಲೆ ಅದೇ ಬಣ್ಣದ ಗೆರೆಯದು. ತುದಿಗೆ ಪ್ಲಾಸ್ಟಿಕ್ಕಿನ ಕನೆಕ್ಟರ್ ಹಾಕುವಾಗ ಹೊಸೆದದ್ದನ್ನು ಬಿಡಿಸಿ, ಬಣ್ಣ ನೋಡಿಕೊಂಡು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಮೊಯಿನುದ್ದೀನ್ ಇದನ್ನು ಲಕ್ಷ ಸಲವಾದರೂ ಮಾಡಿರಬೇಕು. ಪಕ್ಕದವರ ಜೊತೆ ಮಾತಾಡುತ್ತಲೇ ಅವನ ಬೆರಳುಗಳು ಎಂಟನ್ನೂ ಸಾಲಾಗಿಸಿ, ನೆಟ್ಟಗೆ ಕತ್ತರಿಸಿ, ಕನೆಕ್ಟರಿಗೆ ತಳ್ಳಿ ಒತ್ತಿಬಿಡುತ್ತಿದ್ದವು.

ಐವತ್ಮೂರಕ್ಕೆ ಕಣ್ಣು ಹೋಗಲು ಶುರುವಾಯಿತು. ಅದನ್ನು ಮೊದಲು ಕಂಡುಕೊಂಡವಳು ಅವನ ಹೆಂಡತಿ ಸಬೀರಾ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಒಂದು ದಿನ ಹಸಿರು ಬಟ್ಟೆಯ ತುಂಡು ಕೊಟ್ಟು, ಇದೇ ಬಣ್ಣದ ದಾರ ತನ್ನಿ ಎಂದು ಕಳಿಸಿದಳು. ಅವನು ನೀಲಿ ದಾರ ತಂದ. ಅಂಗಡಿಯವನು ತಪ್ಪು ಕೊಟ್ಟಿರಬೇಕು ಎಂದ. ಮರುವಾರ ಮತ್ತೆ ಹಾಗೇ ಆಯಿತು. ಸಬೀರಾ ಎರಡು ದಾರದ ಉಂಡೆಗಳನ್ನು ಅವನ ಮುಂದಿಟ್ಟು, “ಯಾವುದು ಹಸಿರು?” ಎಂದು ದಖ್ಖನಿಯಲ್ಲಿ ಕೇಳಿದಳು. ಅವನು ಬಹಳ ಹೊತ್ತು ನೋಡಿದ. ಎರಡೂ ಒಂದೇ ಥರ ಕಂಡವು. ಸಿಟ್ಟು ಬಂದು ಎದ್ದು ಹೋದ.

ಕಣ್ಣಾಸ್ಪತ್ರೆಗೆ ಅವಳೇ ಎಳೆದುಕೊಂಡು ಹೋದಳು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. “ನೀಲಿ, ಹಸಿರು ಮೊದಲು ಹೋಗೋದು,” ಎಂದರು ಡಾಕ್ಟರಮ್ಮ. “ಲೇಸರ್ ಮಾಡಿಸಿದ್ರೆ ಇರೋ ದೃಷ್ಟಿ ಉಳೀಬಹುದು. ಹೋಗಿರೋದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಏನ್ ಕೆಲಸ ಮಾಡ್ತೀರಿ?”

“ವೈರಿಂಗ್.”

“ಕರೆಂಟ್ ಕೆಲಸನಾ? ಹುಷಾರಾಗಿರ್ಬೇಕು ಮತ್ತೆ.”

“ಕರೆಂಟ್ ಅಲ್ಲ ಡಾಕ್ಟ್ರೇ, ಇಂಟರ್ನೆಟ್. ಇದ್ರಲ್ಲಿ ಯಾರೂ ಸಾಯಲ್ಲ,” ಎಂದು ಮೊಯಿನುದ್ದೀನ್ ನಕ್ಕ.

ಲೇಸರಿಗೆ ದಿನ ಗೊತ್ತು ಮಾಡಿಕೊಟ್ಟರು. ಅವನು ಆ ದಿನ ಯಲಹಂಕದ ಒಂದು ಮನೆಯಲ್ಲಿ ಕೆಲಸ ಒಪ್ಪಿಕೊಂಡಿದ್ದ, ಹೋಗಲಿಲ್ಲ. ಎರಡನೇ ಸಲವೂ ಹೋಗಲಿಲ್ಲ. ಬಣ್ಣ ಕಾಣದಿದ್ದರೂ ದಾರಿ ಇದೆ ಎಂದು ಅವನು ಲೆಕ್ಕ ಹಾಕಿದ್ದ. ನೀಲಿ ತಂತಿ ಬಿಳಿ-ನೀಲಿಯ ಜೊತೆ ಹೊಸೆದುಕೊಂಡಿರುತ್ತದೆ, ಹಸಿರು ಬಿಳಿ-ಹಸಿರಿನ ಜೊತೆ. ಬಿಡಿಸುವ ಮುಂಚೆ ಒಂದೊಂದು ಜೋಡಿಯನ್ನೂ ಬೇರೆ ಬೇರೆ ಬೆರಳಿನ ಸಂದಿಯಲ್ಲಿ ಹಿಡಿದುಕೊಂಡರೆ ತಪ್ಪುವುದಿಲ್ಲ. ಕೊನೆಗೆ ಟೆಸ್ಟರ್ ಇದ್ದೇ ಇದೆ. ಕೇಬಲ್ಲಿನ ಎರಡು ತುದಿಗೂ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿ ಆರಬೇಕು. ಹಾಗೆ ಆದರೆ ಕೆಲಸ ಸರಿ.

ಆದರೆ ಆ ಸಣ್ಣ ಟೆಸ್ಟರಿಗೆ ಎಲ್ಲವೂ ತಿಳಿಯುವುದಿಲ್ಲ. ಈ ತುದಿಯ ನಾಲ್ಕನೇ ತಂತಿ ಆ ತುದಿಯಲ್ಲೂ ನಾಲ್ಕರಲ್ಲೇ ಇದೆಯೇ ಎಂದಷ್ಟೇ ಅದು ನೋಡುತ್ತದೆ. ಯಾವ ತಂತಿ ಯಾವುದರ ಜೊತೆ ಹೊಸೆದುಕೊಂಡಿದೆ ಎನ್ನುವುದು ಅದಕ್ಕೆ ಗೊತ್ತಾಗದು. ಎರಡು ತುದಿಯಲ್ಲೂ ಒಂದೇ ತಪ್ಪು ಮಾಡಿದರೆ ಅದು ಸರಿ ಎಂದೇ ದೀಪ ತೋರಿಸುತ್ತದೆ. ಮೂವತ್ತೈದು ವರ್ಷ ಈ ಕೆಲಸ ಮಾಡಿದ ಮೊಯಿನುದ್ದೀನನಿಗೆ ಇದು ಗೊತ್ತಿತ್ತು.

ಅಮೃತಹಳ್ಳಿಯ ಮುನಿಗಂಗಪ್ಪನ ಮನೆಯಿಂದ ಕರೆ ಬಂದದ್ದು ಆ ವರ್ಷದ ಕಾರ್ತಿಕ ಮಾಸದಲ್ಲಿ. ನೆಲಮಹಡಿಯಲ್ಲಿ ಟೈಲ್ಸ್ ಅಂಗಡಿ, ಅದರ ಮೇಲೆ ಎರಡು ಮಹಡಿ ಬಾಡಿಗೆಗೆ. ಮೂರನೇ ಮಹಡಿಯಲ್ಲಿ ಮುನಿಗಂಗಪ್ಪ, ಅವನ ಹೆಂಡತಿ ಮುನಿನಾರಾಯಣಮ್ಮ, ಮಗ ಪುನೀತ್, ಸೊಸೆ ರಾಧಾಮಣಿ ಇದ್ದರು. ಏಳು ತಿಂಗಳ ಹಿಂದೆ ಮುನಿನಾರಾಯಣಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಹಗಲು ನೋಡಿಕೊಳ್ಳಲು ಬ್ಯಾಟರಾಯನಪುರದ ಒಂದು ಏಜೆನ್ಸಿಯವರು ಮಾರಮ್ಮ ಎಂಬ ಹೆಂಗಸನ್ನು ಕಳಿಸಿದ್ದರು. ಸೊಸೆ ಶಾಲೆಯಲ್ಲಿ ಟೀಚರ್. ಗಂಡಸರಿಬ್ಬರೂ ಕೆಳಗೆ ಅಂಗಡಿಯಲ್ಲಿ.

“ಭಾಯ್, ಅಮ್ಮಂಗೆ ಮಾತು ಬರಲ್ಲ,” ಎಂದ ಪುನೀತ್. “ಫೋನ್ ಕೊಟ್ರೆ ಬೀಳಿಸ್ಕೋತಾರೆ. ಎಡಗೈಗೆ ಒಂದು ಬಟನ್ ಬೇಕು, ಒತ್ತಿದ್ರೆ ಕೆಳಗೆ ಅಂಗಡೀಲಿ ಬೆಲ್ ಹೊಡೀಬೇಕು. ಜೊತೆಗೆ ಒಂದು ಕ್ಯಾಮೆರಾ, ಅಪ್ಪ ಕೂತಲ್ಲೇ ನೋಡೋ ಥರ. ವೈ-ಫೈಲಿ ಹಾಕಿ ನೋಡಿದ್ವಿ, ಅರ್ಧ ಸಲ ಬರೋದೇ ಇಲ್ಲ.”

“ವೈರ್ ಎಳೆದ್ರೆ ಕೈ ಕೊಡಲ್ಲ ಸಾರ್.”

ಗಲ್ಲಾದ ಹಿಂದೆ ಕೂತಿದ್ದ ಮುನಿಗಂಗಪ್ಪ ಅಲ್ಲಿಂದಲೇ ಹೇಳಿದ, “ಸಾಬ್ರೇ, ಅವ್ಳು ಒತ್ತಿದ್ ತಕ್ಷಣ ನನ್ ಕಿವಿಗ್ ಬೀಳ್ಬೇಕು. ಅಷ್ಟೇಯ ನಂಗ್ ಬೇಕಿರಾದು.”

ಕೆಲಸ ಎರಡು ದಿನ ಹಿಡಿಯಿತು. ಮನೆ ಕಟ್ಟುವಾಗ ಇಟ್ಟಿದ್ದ ಪೈಪು ಎರಡನೇ ಮಹಡಿಯ ಹತ್ತಿರ ಸಿಮೆಂಟು ತುಂಬಿ ಮುಚ್ಚಿಹೋಗಿತ್ತು. ತಂತಿ ಎಳೆಯುವ ಸ್ಪ್ರಿಂಗನ್ನು ಎಷ್ಟು ತಳ್ಳಿದರೂ ಅಲ್ಲೇ ಮಡಚಿಕೊಂಡು ನಿಲ್ಲುತ್ತಿತ್ತು. ಗೋಡೆ ಒಡೆಯುವುದು ಪುನೀತನಿಗೆ ಬೇಡವಾಗಿತ್ತು. ಉಳಿದದ್ದು ಲಿಫ್ಟಿನ ಪಕ್ಕದ ಸಂದು. ಲಿಫ್ಟಿನ ಮೋಟಾರಿಗೆ ಹೋಗುವ ದಪ್ಪ ಕರೆಂಟ್ ತಂತಿ ಅದರಲ್ಲೇ ಇತ್ತು. ಅದರ ಮಗ್ಗುಲಲ್ಲಿ ಕೇಬಲ್ ಹಾಕಬಾರದು ಎಂದು ಗೊತ್ತಿದ್ದರೂ ಮೊಯಿನುದ್ದೀನ್ ಹಾಕಿದ. ತಂತಿಗಳನ್ನು ಜೋಡಿಯಾಗಿ ಹೊಸೆಯುವುದೇ ಇಂಥದ್ದಕ್ಕೆ, ಹೊರಗಿನ ಕರೆಂಟಿನ ಗದ್ದಲ ಒಳಗೆ ನುಗ್ಗದಿರಲಿ ಎಂದು. ಜೋಡಿ ಸರಿಯಾಗಿದ್ದರೆ ತೊಂದರೆ ಆಗುವುದಿಲ್ಲ ಎಂದುಕೊಂಡ.

ಎರಡನೇ ದಿನ ಸಂಜೆಯ ಹೊತ್ತಿಗೆ ತುದಿಗಳು ಮಾತ್ರ ಉಳಿದಿದ್ದವು. ಮುನಿನಾರಾಯಣಮ್ಮ ಮಲಗಿದ್ದಳು, ಕೋಣೆಗೆ ಪರದೆ ಎಳೆದಿತ್ತು. ಆ ಮಬ್ಬಿನಲ್ಲಿ ನೆಲದ ಮೇಲೆ ಕೂತು ಕೇಬಲ್ ಸುಲಿಯುವಾಗ, ಮಾರಮ್ಮ ತನ್ನ ಮಾಕಳಿಯ ತಂಗಿಯ ಮನೆಯ ಕಥೆ ಹೇಳುತ್ತಿದ್ದಳು. ಮೊಯಿನುದ್ದೀನ್ ಹೂಂಗುಟ್ಟುತ್ತಾ ಇದ್ದ. ಮೂವತ್ತೈದು ವರ್ಷದ ಅಭ್ಯಾಸಕ್ಕೆ ಬೆರಳುಗಳು ತಮ್ಮಷ್ಟಕ್ಕೆ ಎಂಟನ್ನೂ ಬಿಡಿಸಿ ನೆಟ್ಟಗೆ ಮಾಡಿಬಿಟ್ಟವು. ಜೋಡಿಗಳನ್ನು ಬೇರೆ ಬೇರೆ ಹಿಡಿಯಬೇಕಿತ್ತು ಎಂದು ನೆನಪಾಗುವಷ್ಟರಲ್ಲಿ ಎಂಟೂ ಸಮನಾಗಿ ನಿಂತಿದ್ದವು. ಎರಡು ತಂತಿ ಒಂದೇ ಬಣ್ಣ. ಇದು ನೀಲಿ ಇರಬೇಕು ಎಂದು ಒಂದನ್ನು ನಾಲ್ಕಕ್ಕೆ, ಇನ್ನೊಂದನ್ನು ಆರಕ್ಕೆ ಇಟ್ಟು ಒತ್ತಿದ.

ಕೆಳಗೆ ಅಂಗಡಿಯ ತುದಿಯನ್ನು ಟ್ಯೂಬ್‌ಲೈಟಿನ ಕೆಳಗೆ ಜೋಪಾನವಾಗಿ ಹಾಕಿದ. ಟೆಸ್ಟರ್ ಸಿಕ್ಕಿಸಿದಾಗ ನಾಲ್ಕು, ಆರು ಅದಲುಬದಲಾಗಿ ಹತ್ತಿದವು. ಎಂದರೆ ಒಂದು ತುದಿ ಸರಿ, ಒಂದು ತಪ್ಪು. ಯಾವುದು ತಪ್ಪು ಎಂದು ನೋಡಲು ಮತ್ತೆ ಮೂರನೇ ಮಹಡಿಗೆ ಹೋಗಬೇಕು, ಅಲ್ಲಿ ಬಣ್ಣ ಹೇಳಲು ಯಾರನ್ನಾದರೂ ಕೇಳಬೇಕು. ಮುನಿಗಂಗಪ್ಪ ಪಕ್ಕದಲ್ಲೇ ನಿಂತು, “ಆಯ್ತಾ ಸಾಬ್ರೇ?” ಎಂದ. ಮೊಯಿನುದ್ದೀನ್ ಕೈಯಲ್ಲಿದ್ದ ತುದಿಯನ್ನೇ ಕತ್ತರಿಸಿ, ಎರಡು ತಂತಿ ಬದಲಿಸಿ, ಹೊಸ ಕನೆಕ್ಟರ್ ಹಾಕಿದ. ದೀಪಗಳು ಒಂದರಿಂದ ಎಂಟಕ್ಕೆ ಸಾಲಾಗಿ ಹತ್ತಿದವು.

ಸರಿಯಾಗಿದ್ದ ತುದಿಯನ್ನು ತಪ್ಪಿದ್ದ ತುದಿಗೆ ಹೊಂದಿಸಿದ್ದ.

ಬೆಲ್ ಹೊಡೆಯಿತು. ಅಂಗಡಿಯ ಗೋಡೆಗೆ ಹಾಕಿದ್ದ ಟಿವಿ ಪರದೆಯ ಮೇಲೆ ಮುನಿನಾರಾಯಣಮ್ಮ ಹಾಸಿಗೆಯಲ್ಲಿ ಕಂಡಳು. ಮಾರಮ್ಮ ಅವಳ ಎಡಗೈಗೆ ಬಟನ್ ಕೊಟ್ಟು ಹೇಗೆ ಒತ್ತಬೇಕೆಂದು ತೋರಿಸುತ್ತಿದ್ದಳು. ಅವಳು ಒತ್ತಿದಳು. ಮುನಿಗಂಗಪ್ಪ ಲಿಫ್ಟ್ ಹತ್ತಿ ಮೇಲೆ ಹೋಗಿ, “ಬಂದೆ ಕಣಮ್ಮೀ, ಏನು?” ಎಂದ. ಅವನು ಕೆಳಗೆ ಬಂದು ಕೂತ ಮೇಲೆ ಅವಳು ಮತ್ತೆ ಒತ್ತಿದಳು. ಐದಾರು ಸಲ ಹಾಗೇ ಆಯಿತು. ಅರ್ಧ ಮುಖದಲ್ಲಿ ಅವಳು ನಗುತ್ತಿರುವುದು ಪರದೆಯಲ್ಲಿ ಕಾಣುತ್ತಿತ್ತು. ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು.

ಮೂರು ವಾರದ ಮೇಲೆ ಪುನೀತ್ ಫೋನ್ ಮಾಡಿದ. ಕ್ಯಾಮೆರಾ ಆಗಾಗ ನಿಂತುಹೋಗುತ್ತಿದೆ, ಆಮೇಲೆ ತಾನೇ ಸರಿಹೋಗುತ್ತದೆ ಎಂದ. ಮೊಯಿನುದ್ದೀನ್ ಬಂದು, ಬಟನ್ನನ್ನೂ ಕ್ಯಾಮೆರಾವನ್ನೂ ಕೇಬಲ್ಲಿಗೆ ಸೇರಿಸುವ ಕೋಣೆಯ ಸಣ್ಣ ಪೆಟ್ಟಿಗೆಯನ್ನು ಆರಿಸಿ ಹಚ್ಚಿದ, ಕ್ಯಾಮೆರಾದ ಹತ್ತಿರದ ಗಿಡ್ಡ ವೈರ್ ಬದಲಿಸಿದ. ಎಲ್ಲವೂ ಸರಿಯಾಗಿಯೇ ಇತ್ತು. ಹೊರಡುವಾಗ ಮಾರಮ್ಮ ಬಾಗಿಲ ಹತ್ತಿರ ನಿಲ್ಲಿಸಿದಳು.

“ಸಾಬಣ್ಣ, ನಾನೊಂದ್ ಕಂಡಿವ್ನಿ. ಲಿಫ್ಟ್ ಓಡ್ದಾಗೆಲ್ಲ ಆ ಡಬ್ಬಿ ಮೇಲಿನ ದೀಪ ಆರೋಯ್ತದೆ. ಲಿಫ್ಟ್ ನಿಂತ್ ಮೇಲೆ ಇನ್ನೊಸಿ ಒತ್ತಿಗೆ ಅತ್ಕೊಳ್ತದೆ.”

ಅವನಿಗೆ ಆ ಕ್ಷಣವೇ ಅರ್ಥವಾಯಿತು. ಜೋಡಿ ಒಡೆದಿದೆ, ಹಸಿರು ನೀಲಿ ಅದಲುಬದಲಾಗಿದೆ. ಎರಡು ತುದಿ ಕತ್ತರಿಸಿ ಹೊಸದಾಗಿ ಹಾಕಿದರೆ ಅರ್ಧ ಗಂಟೆಯ ಕೆಲಸ. ಆದರೆ ಬೆರಳಿನ ಉಪಾಯ ಒಮ್ಮೆ ಕೈಕೊಟ್ಟಾಗಿತ್ತು. ಈ ಸಲ ಯಾರಾದರೂ ಪಕ್ಕದಲ್ಲಿ ಕೂತು ಬಣ್ಣ ಹೇಳಬೇಕು, ಹೇಳಿಸಿಕೊಂಡರೆ ಕಣ್ಣಿನ ವಿಷಯ ಹೊರಗೆ ಬರುತ್ತದೆ. ಪುನೀತ್ ಕೆಳಗಿದ್ದ. ಕೆಳಗಿನ ಎರಡು ಮಹಡಿಯ ಬಾಡಿಗೆಯವರಿಗೂ ಮೊಯಿನುದ್ದೀನನೇ ಕೆಲಸ ಮಾಡಿಕೊಡುವುದು ಎಂದು ಮಾತಾಗಿತ್ತು.

“ನಾಳೆ ಬಂದು ನೋಡ್ತೀನಿ ಮಾರಕ್ಕ,” ಎಂದು ಇಳಿದು ಹೋದ.

ನಾಳೆ ಕೊಡಿಗೇಹಳ್ಳಿಯಲ್ಲಿ ಕೆಲಸವಿತ್ತು. ಅದರ ಮಾರನೇ ದಿನ ಶುಕ್ರವಾರ. ಒಮ್ಮೆ ಸಬೀರಾಳನ್ನು ಕರೆದುಕೊಂಡು ಹೋಗೋಣವೇ ಎಂದು ಯೋಚಿಸಿದ. ಕೆಲಸದ ಮನೆಗೆ ಹೆಂಡತಿಯನ್ನು ಯಾಕೆ ತಂದಿರಿ ಎಂದರೆ ಏನು ಹೇಳುವುದು? ಪುನೀತನಿಂದ ಮತ್ತೆ ಫೋನ್ ಬರಲಿಲ್ಲ, ಇವನೂ ಮಾಡಲಿಲ್ಲ. ಹೀಗೆ ಹದಿನೆಂಟು ದಿನ ಕಳೆದವು.

ಹತ್ತೊಂಬತ್ತನೇ ದಿನ ಸೋಮವಾರ. ಎರಡನೇ ಮಹಡಿಗೆ ಹೊಸ ಬಾಡಿಗೆಯವರು ಬಂದರು. ಬೆಳಿಗ್ಗೆ ಹತ್ತರಿಂದ ಮಂಚ, ಬೀರು, ಫ್ರಿಜ್ಜು, ರಟ್ಟಿನ ಡಬ್ಬಗಳು ಲಿಫ್ಟಿನಲ್ಲಿ ಏರುತ್ತಲೇ ಇದ್ದವು. ಪುನೀತ್ ಸರಕು ತರಲು ಯಶವಂತಪುರಕ್ಕೆ ಹೋಗಿದ್ದ. ರಾಧಾಮಣಿ ಶಾಲೆಯಲ್ಲಿದ್ದಳು. ಮಾತ್ರೆ, ಡೈಪರ್ ಎರಡೂ ಮುಗಿದಿದ್ದವು. ಮುನಿನಾರಾಯಣಮ್ಮನಿಗೆ ನಿದ್ದೆ ಹತ್ತಿದ್ದನ್ನು ನೋಡಿ ಮಾರಮ್ಮ ಕೆಳಗೆ ಬಂದು ಮುನಿಗಂಗಪ್ಪನಿಗೆ ಹೇಳಿ, ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಳು. ಒಂದು ಮಾತ್ರೆ ಹತ್ತಿರದಲ್ಲಿ ಸಿಗಲಿಲ್ಲ. ಮುಂದಿನ ಅಂಗಡಿಗೆ ನಡೆದಳು. ವಾಪಸ್ ಬಂದಾಗ ಹೊರಟು ಒಂದು ಗಂಟೆಯ ಮೇಲಾಗಿತ್ತು. ಲಿಫ್ಟ್ ಬಿಡುವಿಲ್ಲದ್ದರಿಂದ ಮೂರು ಮಹಡಿ ಹತ್ತಿ ಹೋದಳು.

ಮುನಿನಾರಾಯಣಮ್ಮ ನೆಲದ ಮೇಲೆ ಬಿದ್ದಿದ್ದಳು. ಮಂಚದ ಕಾಲಿಗೆ ತಲೆ ಬಡಿದು ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಬಟನ್ ಎಡಗೈಯಲ್ಲಿತ್ತು. ಅವಳಿಗೆ ಇನ್ನೂ ಎಚ್ಚರವಿತ್ತು, ಹೆಬ್ಬೆರಳು ಅದನ್ನು ಒತ್ತುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ತೀರಿಕೊಂಡಳು. ಒಂದು ಗಂಟೆ ಮುಂಚೆ ತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದು ಅಲ್ಲಿನ ಡಾಕ್ಟರರು ಹೇಳಿದರಂತೆ.

ಅವಳು ಬಿದ್ದ ದಿನವೇ ಸಂಜೆ ಪುನೀತ್ ಮನೆಗೆ ಬಂದು ಬಟನ್ ಒತ್ತಿ ನೋಡಿದ್ದ. ಸಾಮಾನು ಸಾಗಿಸುವುದು ಮುಗಿದು ಲಿಫ್ಟ್ ಸುಮ್ಮನೆ ನಿಂತಿತ್ತು. ಬೆಲ್ ಸರಿಯಾಗಿ ಹೊಡೆಯಿತು. ಹಾಗಾದರೆ ಬೆಳಿಗ್ಗೆ ಯಾಕೆ ಹೊಡೆಯಲಿಲ್ಲ? ಮಾರಮ್ಮ ಹೊರಗೆ ಹೋಗುವಾಗ ಪ್ಲಗ್ ಕಿತ್ತು ಹೋಗಿದ್ದಾಳೆ, ಬಂದ ಮೇಲೆ ಹಾಕಿದ್ದಾಳೆ. ತಾನಿಲ್ಲದಾಗ ಬೆಲ್ ಹೊಡೆದರೆ ಯಜಮಾನರು ಬೈಯುತ್ತಾರೆಂದು ಹೀಗೆ ಮಾಡಿದ್ದಾಳೆ. ಪುನೀತ್ ಹಾಗೆ ತೀರ್ಮಾನಿಸಿದ. ಬೀದಿಯೆಲ್ಲ ಹಾಗೇ ಮಾತಾಡಿತು. ಮಾರಮ್ಮ ದೇವರಾಣೆ ಹಾಕಿದಳು, ಲಿಫ್ಟಿನ ಮಾತೂ ಹೇಳಿದಳು. ತಪ್ಪಿಸಿಕೊಳ್ಳಲು ಲಿಫ್ಟಿನ ಮೇಲೆ ಹಾಕುತ್ತಿದ್ದಾಳೆ ಎಂದರು. ಏಜೆನ್ಸಿಯವರು ಅವಳ ಹೆಸರು ತೆಗೆದುಹಾಕಿದರು.

ಮೊಯಿನುದ್ದೀನನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಪುನೀತ್ ಫೋನ್ ಮಾಡಿ, ಕ್ಯಾಮೆರಾ, ಬೆಲ್ ಎಲ್ಲ ಬಿಚ್ಚಿಕೊಂಡು ಹೋಗಿ, ಅಪ್ಪನಿಗೆ ಅದನ್ನು ನೋಡಲು ಆಗುತ್ತಿಲ್ಲ ಎಂದ. ಮರುದಿನ ಕೋಣೆಯಲ್ಲಿ, ಅಮ್ಮ ಹೇಗೆ ಹೋದಳು, ಮಾರಮ್ಮ ಏನು ಮಾಡಿದಳು ಎಂದು ಪುನೀತ್ ಹೇಳುತ್ತಿದ್ದಾಗ ಮೊಯಿನುದ್ದೀನ್ ಖಾಲಿ ಮಂಚದ ಪಕ್ಕದಲ್ಲಿ ಏಣಿಯ ಮೇಲೆ ನಿಂತಿದ್ದ. ಕೆಲಸ ಅರ್ಧಕ್ಕೆ ಬಿಟ್ಟು ಕೆಳಗೆ ಇಳಿದು ಕೂತ.

“ಏನಾಯ್ತು ಭಾಯ್? ಶುಗರ್ ಏರುಪೇರಾಯ್ತಾ?” ಎಂದು ಪುನೀತನೇ ನೀರು ತಂದುಕೊಟ್ಟ.

ಕೇಬಲ್ಲಿನ ಎರಡು ತುದಿಗಳನ್ನೂ ಗೇಣುದ್ದ ಕತ್ತರಿಸಿಕೊಂಡು ಅವನು ಮನೆಗೆ ಬಂದ. ಸಬೀರಾ ಹೊಲಿಗೆ ಮೆಷಿನ್ನಿನ ಮುಂದೆ ಇದ್ದಳು. “ಕಿಟಕಿ ಹತ್ರ ಬಾ. ಇದರ ಬಣ್ಣ ಒಂದೊಂದಾಗಿ ಹೇಳು,” ಎಂದ.

ಅವಳು ಬೆಳಕಿಗೆ ಹಿಡಿದು ಹೇಳಿದಳು. “ಬಿಳಿ ಕಿತ್ತಳೆ. ಕಿತ್ತಳೆ. ಬಿಳಿ ಹಸಿರು. ಹಸಿರು.”

“ನಾಲ್ಕನೇದು ಹಸಿರಾ? ಸರಿಯಾಗಿ ನೋಡು.”

“ಹಸಿರೇ. ಐದನೇದು ಬಿಳಿ ನೀಲಿ. ಆರನೇದು ನೀಲಿ.”

ಇನ್ನೊಂದು ತುದಿ ಕೊಟ್ಟ. ಅದರಲ್ಲೂ ಹಾಗೇ ಇತ್ತು.

ಅವನು ಎಲ್ಲವನ್ನೂ ಹೇಳಿದ, ಮಾರಮ್ಮ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದನ್ನೂ, ನಾಳೆ ಬರುತ್ತೇನೆ ಎಂದದ್ದನ್ನೂ. ಸಬೀರಾ ಕೈಯಲ್ಲಿದ್ದ ತುದಿಗಳನ್ನು ಮೆಷಿನ್ನಿನ ಮೇಲಿಟ್ಟು ಕಿಟಕಿ ಮುಚ್ಚಿದಳು. ಆಮೇಲೆ, “ಯಾರಿಗೂ ಹೇಳಬೇಡಿ,” ಎಂದಳು. “ಸತ್ತವರು ಎದ್ದು ಬರಲ್ಲ. ನಿಮ್ಮನ್ನ ಹೊಡೆದು ಹಾಕ್ತಾರೆ, ಇಲ್ಲಾ ಸ್ಟೇಷನ್ನಿಗೆ ಕೊಡ್ತಾರೆ. ನಾನೇನು ಮಾಡ್ಲಿ?”

“ಆ ಹೆಂಗಸು?”

ಸಬೀರಾ ಮೆಷಿನ್ನಿಗೆ ಮುಸುಕು ಹಾಕಿದಳು. ಆ ದಿನ ಅವರಿಬ್ಬರೂ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅವನು ಚಪ್ಪಲಿ ಹಾಕಿಕೊಳ್ಳುವಾಗ ಅವಳೂ ಬುರ್ಖಾ ಹಾಕಿಕೊಂಡು ಹೊರಗೆ ಬಂದಳು. “ಒಬ್ಬರೇ ಹೋಗಬೇಡಿ,” ಎಂದಳು.

ಅಂಗಡಿಯಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ಸಬೀರಾ ಹೊರಗೆ ಟೈಲ್ಸ್ ಜೋಡಿಸಿಟ್ಟ ಕಡೆ ನಿಂತಳು. ಮೊಯಿನುದ್ದೀನ್ ಕತ್ತರಿಸಿದ ತುದಿಗಳನ್ನು ಗಲ್ಲಾದ ಮೇಲಿಟ್ಟ.

“ಯಜಮಾನ್ರೇ, ಮಾರಮ್ಮ ಪ್ಲಗ್ ಕಿತ್ತಿಲ್ಲ. ತಪ್ಪು ನಂದು. ನನಗೆ ನೀಲಿ ಹಸಿರು ಗೊತ್ತಾಗಲ್ಲ. ವೈರ್ ತಪ್ಪು ಹಾಕಿದೀನಿ. ಲಿಫ್ಟ್ ಓಡಿದ್ರೆ ಬೆಲ್ಲೂ ಬರಲ್ಲ, ಕ್ಯಾಮೆರಾನೂ ಬರಲ್ಲ.”

ಪುನೀತನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಲ್ಲಾ ಬಳಸಿಕೊಂಡು ಬಂದು ಕೊರಳಪಟ್ಟಿ ಹಿಡಿದ. “ಕಣ್ ಕಾಣ್ದೆ ಯಾಕೋ ಕೆಲ್ಸಕ್ ಬಂದೆ? ನಮ್ಮಮ್ಮನ್ನ...” ಎಂದು ತಳ್ಳಿದ. ಮೊಯಿನುದ್ದೀನನ ತಲೆ ಗೋಡೆಗೆ ಬಡಿಯಿತು. ಹೊರಗಿನಿಂದ ಸಬೀರಾ ಓಡಿ ಬಂದಳು.

“ಬಿಡ್ಲಾ,” ಎಂದ ಮುನಿಗಂಗಪ್ಪ.

“ಅಪ್ಪ, ಇವ್ನು—”

“ಬಿಡು ಅಂದೆ.” ಮುದುಕ ಕೂತಲ್ಲಿಂದ ಏಳಲಿಲ್ಲ. “ಸಾಬ್ರೇ, ಕೆಲ್ಸಕ್ ಬರೋವಾಗ್ಲೇ ಕಣ್ಣಿನ್ ಇಸ್ಯ ಗೊತ್ತಿತ್ತಾ?”

“ಗೊತ್ತಿತ್ತು.”

“ಲಿಫ್ಟಿನ್ ಇಸ್ಯ ಮಾರಮ್ಮ ಯೋಳಿದ್ಲಾ?”

“ಹೇಳಿದ್ರು. ನಾಳೆ ಬರ್ತೀನಿ ಅಂದು ಬರ್ಲಿಲ್ಲ.”

ಮುನಿಗಂಗಪ್ಪ ಗೋಡೆಯ ಮೇಲೆ ಪರದೆ ಇದ್ದ ಜಾಗ ನೋಡಿದ. ಅಲ್ಲಿ ಈಗ ನಾಲ್ಕು ಮೊಳೆಯ ತೂತುಗಳಿದ್ದವು.

“ಅವತ್ತು ಇಲ್ಲೇ ಕುಂತಿದ್ದೆ,” ಎಂದ. “ಮೂರ್ ಸಲ ನೋಡ್ದೆ. ಮಂಚದ್ ಮೇಲೆ ಮಲ್ಗಿದ್ಲು, ಕಣ್ ಮುಚ್ಕೊಂಡು. ಮಲ್ಗವ್ಳೆ, ಮಲ್ಗ್ಲಿ ಅಂದ್ಕೊಂಡೆ. ಒಬ್ಬ ಗಿರಾಕಿ ಬೇರೆ ಬಂದಿದ್ದ. ಮಾರಮ್ಮ ಮೇಲ್ನಿಂದ ಕಿರುಚ್ಕೊಂಡಾಗ್ಲೂ ನೋಡ್ದೆ. ಆಗ್ಲೂ ಅಂಗೇ ಮಲ್ಗಿದ್ಲು.”

ಚಿತ್ರ ನಿಂತುಹೋಗಿತ್ತು ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪುನೀತ್ ಟೈಲ್ಸಿನ ಡಬ್ಬದ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಮುದುಕ ಮೊಯಿನುದ್ದೀನನ ಕಡೆ ತಿರುಗಿದ. “ಮಾರಮ್ಮ ಮಾಕಳೀಲವ್ಳೆ, ತಂಗಿ ಮನೇಲಿ. ರೋಡ್ ಮಗ್ಗುಲ್ ಓಟ್ಲಲ್ಲಿ ಪಾತ್ರೆ ತೊಳೀತಾವ್ಳಂತೆ. ಓಗಿ ಯೋಳಿ. ನಂಗೆ ಮಕ ಇಲ್ಲ. ಆಮೇಲೆ ಈ ಬೀದೀಲಿ ಕಾಣಿಸ್ಕೋಬ್ಯಾಡಿ.”

ತುಮಕೂರು ರಸ್ತೆಯ ಆ ಹೋಟೆಲ್ ಹುಡುಕುವುದು ಕಷ್ಟವಾಗಲಿಲ್ಲ. ಹಿತ್ತಲಲ್ಲಿ ಮಾರಮ್ಮ ಸೀರೆ ಎತ್ತಿ ಕಟ್ಟಿ, ಸಾಂಬಾರಿನ ದೊಡ್ಡ ಪಾತ್ರೆಯೊಳಗೆ ಕೈ ಇಳಿಸಿ ತಿಕ್ಕುತ್ತಿದ್ದಳು. ಮೊಯಿನುದ್ದೀನ್ ನಿಂತೇ ಎಲ್ಲವನ್ನೂ ಹೇಳಿದ. ಅವಳು ತಿಕ್ಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

“ದೀಪ ಆರೋಯ್ತದೆ ಅಂತ ಯೋಳಿದ್ನೋ ಇಲ್ವೋ?”

“ಹೇಳಿದ್ರಿ.”

“ನಾಳೆ ಬತ್ತೀನಿ ಅಂದ್ರೋ ಇಲ್ವೋ?”

“ಅಂದೆ.”

“ಏಳ್ ತಿಂಗ್ಳು ಆ ಯಮ್ಮನ್ನ ಮಗೀನಂಗೆ ಎತ್ತಿ ಇಳ್ಸಿವ್ನಿ. ಸಾಯಕ್ ಬಿಟ್ಟೋದ್ಲು ಅಂದ್ರು ನನ್ನ. ಮಣ್ಣು ಮಾಡ್ವಾಗ ಒಂದ್ ಕಿತ ಮಕ ನೋಡ್ತೀನಿ ಅಂದ್ರೆ ಗೇಟ್ ತಾವ್ಲೇ ನಿಲ್ಲಿಸ್ಬುಟ್ರು.” ಅವಳು ಪಾತ್ರೆ ಕವುಚಿ ಹಾಕಿದಳು. “ಪಾತ್ರೆ ಮುಂದೆ ಯೋಳಿದ್ರೆ ಏನ್ ಬಂತು? ಏಜೆನ್ಸಿಗ್ ಬನ್ನಿ. ಆ ಮೋನಿಕಾ ಮೇಡಂ ಮುಂದೆ ಯೋಳಿ.”

ಮೂವರೂ ಬಸ್ಸಿನಲ್ಲಿ ಹೊರಟರು. ಸಬೀರಾ, ಮಾರಮ್ಮ ಹೆಂಗಸರ ಸೀಟಿನಲ್ಲಿ ಅಕ್ಕಪಕ್ಕ ಕೂತರು.

ಏಜೆನ್ಸಿ ನಡೆಸುವ ಮೋನಿಕಾ ಒಂದು ಸಣ್ಣ ಕೋಣೆಯಲ್ಲಿ ಎರಡು ಫೋನ್ ಇಟ್ಟುಕೊಂಡು ಕೂತಿದ್ದಳು. ಪೂರ್ತಿ ಕೇಳಿದ ಮೇಲೆ, “ಬಾಯಲ್ಲಿ ಹೇಳಿದ್ರೆ ಆಗಲ್ಲ. ಬರೆದುಕೊಡ್ತೀರಾ?” ಎಂದು ಹಾಳೆ ಕೊಟ್ಟಳು. ಮೊಯಿನುದ್ದೀನ್ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಹಾಳೆಯನ್ನು ಮುಖದ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಬರೆದ. ಸಾಲುಗಳು ಕೆಳಕ್ಕೆ ಜಾರಿದವು. ಕಣ್ಣಿನ ವಿಷಯವನ್ನೂ, ಗೊತ್ತಿದ್ದೂ ಹೋಗಿ ಸರಿಮಾಡಲಿಲ್ಲ ಎನ್ನುವುದನ್ನೂ ಬರೆದು ಸಹಿ ಹಾಕಿದ.

ಮೋನಿಕಾ ಅದನ್ನು ಓದಿ, “ಇದು ನಾಲ್ಕು ಜನಕ್ಕೆ ಗೊತ್ತಾದ್ರೆ ನಿಮ್ಮನ್ನ ಯಾರೂ ಕೆಲಸಕ್ಕೆ ಕರೆಯಲ್ಲ,” ಎಂದಳು.

“ಕರೀಬಾರ್ದು ಮೇಡಂ.”

ತಿಂಗಳೊಳಗೆ ಮಾರಮ್ಮನಿಗೆ ಯಲಹಂಕದಲ್ಲಿ ಬೇರೆ ಮನೆ ಸಿಕ್ಕಿತು. ಅದನ್ನು ಮೊಯಿನುದ್ದೀನನಿಗೆ ತಿಳಿಸಿದ್ದು ಮೋನಿಕಾ. ಮಾರಮ್ಮ ಒಂದು ದಿನವೂ ಅವನಿಗೆ ಫೋನ್ ಮಾಡಲಿಲ್ಲ. ಪುನೀತ್ ಪೊಲೀಸರ ಹತ್ತಿರ ಹೋಗಲಿಲ್ಲ. ಆದರೆ ಅಂಗಡಿಗೆ ಬರುವ ಮೇಸ್ತ್ರಿಗಳಿಗೆ, ಎಲೆಕ್ಟ್ರಿಷಿಯನ್ನುಗಳಿಗೆ ಹೇಳಿದ. ಎರಡು ವಾರದಲ್ಲಿ ಮೊಯಿನುದ್ದೀನನ ಫೋನ್ ಮೌನವಾಯಿತು.

ಅವನು ಲೇಸರ್ ಮಾಡಿಸಿಕೊಂಡ. ಡಾಕ್ಟರಮ್ಮ ಹೇಳಿದಂತೆಯೇ, ಇದ್ದದ್ದು ಉಳಿಯಿತು, ಬಣ್ಣ ಬರಲಿಲ್ಲ. ಆಮೇಲೆ ಒಂದು ದಿನ ಫೋನ್ ತೆಗೆದು, ಕಣ್ಣು ಕೆಟ್ಟ ಮೇಲೆ ಕೆಲಸ ಮಾಡಿದ ಮನೆಗಳನ್ನು ನೆನಪು ಮಾಡಿಕೊಂಡು ಸಬೀರಾಳ ಕೈಲಿ ಬರೆಸಿದ. ಹನ್ನೊಂದು ಮನೆ. ಹೊಲಿಗೆಯ ಕೆಲಸವಿಲ್ಲದ ದಿನ ಇಬ್ಬರೂ ಹೊರಟು ಒಂದೊಂದೇ ಮನೆಯ ಬಾಗಿಲು ತಟ್ಟಿದರು. ಬಾಗಿಲಲ್ಲೇ ನಿಂತು ಅವನು ತನ್ನ ಕಣ್ಣಿನ ವಿಷಯ ಹೇಳಿ, ಒಂದು ಸಲ ಪರೀಕ್ಷೆ ಮಾಡಲು ಬಿಡಿ ಎಂದು ಕೇಳುತ್ತಿದ್ದ. ಕೆಲವರು ಒಳಗೆ ಬಿಟ್ಟರು. ಕೆಲವರು ಎಲ್ಲ ಚೆನ್ನಾಗಿ ನಡೀತಿದೆ, ಮುಟ್ಟಬೇಡಿ ಎಂದರು. ಒಬ್ಬ ಇದೇನು ಹೊಸ ನಾಟಕ ಎಂದು ಗೇಟು ಹಾಕಿಕೊಂಡ. ಒಳಗೆ ಬಿಟ್ಟ ಕಡೆ ಸಬೀರಾ ನೆಲದ ಮೇಲೆ ಕೂತು ಬಣ್ಣ ಓದಿ ಹೇಳಿದಳು. ಎರಡು ಮನೆಯಲ್ಲಿ ಅದೇ ತಪ್ಪು ಸಿಕ್ಕಿತು. ತುದಿಗಳನ್ನು ಕತ್ತರಿಸಿ, ಅವಳು ಹೇಳಿದ ಹಾಗೆ ಇವನು ಜೋಡಿಸಿ ಸರಿ ಮಾಡಿದ. ಅವುಗಳಲ್ಲಿ ಒಂದಾದ ಸಹಕಾರನಗರದ ಮನೆಯಲ್ಲಿ ತಪ್ಪಿದ್ದ ಕೇಬಲ್ ಹೋಗಿದ್ದು ಹೊಗೆ ಬಂದರೆ ಕೂಗುವ ಪೆಟ್ಟಿಗೆಗೆ. ಅದನ್ನು ಕಂಡ ದಿನ ಮೊಯಿನುದ್ದೀನ್ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತುಬಿಟ್ಟ. ಮೂರು ಬಸ್ಸು ಹೋದರೂ ಏಳಲಿಲ್ಲ. ಸಬೀರಾ ಪಕ್ಕದಲ್ಲಿ ಕೂತಿದ್ದಳು.

ಈಗ ಅವನು ಜಕ್ಕೂರಿನ ಕಡೆ ಒಬ್ಬ ಕಂಟ್ರಾಕ್ಟರನ ಹತ್ತಿರ ಇದ್ದಾನೆ. ಕಟ್ಟುತ್ತಿರುವ ಮನೆಗಳಲ್ಲಿ, ಕಾಂಕ್ರೀಟ್ ಸುರಿಯುವ ಮುಂಚೆ, ಕಬ್ಬಿಣದ ಮೇಲೆ ಖಾಲಿ ಪೈಪುಗಳನ್ನು ಕಟ್ಟುವುದು ಅವನ ಕೆಲಸ. ಸೇರುವ ದಿನವೇ ಕಣ್ಣಿನ ವಿಷಯ ಹೇಳಿದ್ದ. ಬಿಸಿಲಿನಲ್ಲಿ ಬಗ್ಗಿ ಮಾಡುವ ಕೆಲಸ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಸಬೀರಾ ಬರೆದ ಪಟ್ಟಿಯಲ್ಲಿ ಒಂದು ಮನೆ ಇನ್ನೂ ಉಳಿದಿದೆ, ಹೆಬ್ಬಾಳದ್ದು. ಅವರು ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದಾರೆ. ಬರುವ ತಿಂಗಳು ಬರಬಹುದು ಎಂದು ಎದುರು ಮನೆಯ ವಾಚ್‌ಮನ್ ಹೇಳಿದ್ದಾನೆ. ರಜೆ ಸಿಕ್ಕ ಭಾನುವಾರಗಳಲ್ಲಿ ಮೊಯಿನುದ್ದೀನ್ ಅಲ್ಲಿಗೆ ಹೋಗಿ ಗೇಟು ನೋಡಿಕೊಂಡು ಬರುತ್ತಾನೆ.